ನಲವತ್ತರ ಹೊಸ್ತಿಲಲ್ಲಿ ಮಾತಿನ ಚಿಕಿತ್ಸೆ ಓದಲು ಹೊರಟವಳು

ಐಟಿಯಲ್ಲಿ ಹದಿನೈದು ವರ್ಷ ಕಳೆದ ಇಬ್ಬರು ಸೇರಿದರೆ ಮಾತು ಕೊನೆಗೆ ಒಂದೇ ಕಡೆ ಹೋಗಿ ನಿಲ್ಲುತ್ತದೆ: ಇದನ್ನು ಬಿಟ್ಟರೆ ಇನ್ನೇನು ಮಾಡಬಹುದು? ಒಬ್ಬರು ಊರಿನ ತೋಟ ಅನ್ನುತ್ತಾರೆ, ಇನ್ನೊಬ್ಬರು ಸಿರಿಧಾನ್ಯದ ಹೋಟೆಲು. ಪುಣೆಯ ನಮ್ಮ ಕನ್ನಡ ಗೆಳೆಯರ ಗುಂಪಿನಲ್ಲಿ ಈ ಮಾತು ಹತ್ತು ವರ್ಷದಿಂದ ನಡೆಯುತ್ತಿದೆ, ಯಾರೂ ಇನ್ನೂ ಬಿಟ್ಟಿಲ್ಲ. ಬಿಡಲು ಹೊರಟವಳು ನನ್ನ ಎಂಜಿನಿಯರಿಂಗ್ ಸಹಪಾಠಿ. ನ್ಯೂಜೆರ್ಸಿಯಲ್ಲಿದ್ದಾಳೆ, ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾಳೆ. ಸ್ಪೀಚ್-ಲ್ಯಾಂಗ್ವೇಜ್ ಪೆಥಾಲಜಿ ಓದಲು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದಳು. ಅವಳ ಅರ್ಜಿ, ಪ್ರಬಂಧಗಳನ್ನು ಓದಿ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಸುಮಾರು ಎರಡು ವರ್ಷದ ಆ ಸಹವಾಸದಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಓದುಗರಲ್ಲಿ ಅಕ್ಕನೋ ನಾದಿನಿಯೋ ಅಮೆರಿಕದಲ್ಲಿರುವವರು ಬಹಳ ಜನ. ಕೆಲವರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲು ಆ ವೃತ್ತಿಯ ಬಗ್ಗೆ. ನಾವು ‘ಸ್ಪೀಚ್ ಥೆರಪಿ’ ಅಂದಾಗ ಉಗ್ಗುವ ಮಕ್ಕಳು ಮಾತ್ರ ಕಣ್ಣಮುಂದೆ ಬರುತ್ತಾರೆ. ಲಕ್ವ ಹೊಡೆದು ಪದ ಮರೆತವರು, ಗಂಟಲ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆದವರು, ಸೀಳಂಗುಳದ ಮಕ್ಕಳು, ಆಟಿಸಂ ಇರುವವರು, ನೀರು ಕುಡಿದರೂ ಶ್ವಾಸಕೋಶಕ್ಕೆ ಇಳಿಯುವಂಥ ನುಂಗುವ ತೊಂದರೆಯವರು, ಇವರೆಲ್ಲ ಅದೇ ವೃತ್ತಿಯವರ ಕೈಗೆ ಬರುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಮಾನ್ಯತೆ ಪಡೆದ ಕಾರ್ಯಕ್ರಮದಲ್ಲಿ ಸುಮಾರು ಎರಡು ವರ್ಷದ ಓದು, 400 ಗಂಟೆಗಳ ಮೇಲ್ವಿಚಾರಿತ ತರಬೇತಿ (ಇದರಲ್ಲಿ 25 ಗಂಟೆ ಬರೀ ನೋಡುವುದು, 375 ಗಂಟೆ ರೋಗಿಯ ಜೊತೆ ಕೂತು ಮಾಡುವುದು), ಪ್ರಾಕ್ಸಿಸ್ ಎಂಬ ಪರೀಕ್ಷೆಯಲ್ಲಿ 162 ಅಂಕ, ಆಮೇಲೆ ಕನಿಷ್ಠ 36 ವಾರ, 1260 ಗಂಟೆಗಳ ಫೆಲೋಶಿಪ್. ಇಷ್ಟಾದ ಮೇಲೆ ಅಮೆರಿಕನ್ ಸ್ಪೀಚ್-ಲ್ಯಾಂಗ್ವೇಜ್-ಹಿಯರಿಂಗ್ ಅಸೋಸಿಯೇಷನ್ ತನ್ನ ಪ್ರಮಾಣಪತ್ರ ಕೊಡುತ್ತದೆ. ಆ ಸಂಘವನ್ನು ಎಲ್ಲರೂ ‘ಆಶಾ’ ಅನ್ನುತ್ತಾರೆ. ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರಿಗೂ ಅದಕ್ಕೂ ಸಂಬಂಧವಿಲ್ಲ. ಇದರ ಮೇಲೆ ಆಯಾ ರಾಜ್ಯದ ಲೈಸೆನ್ಸ್ ಬೇರೆ.

ಇವಳಿಗೇಕೆ ಇದರ ಹುಚ್ಚು ಹಿಡಿಯಿತು ಅಂದರೆ, ಕಾರಣ ಮಗ. ಎರಡು ವರ್ಷ ತುಂಬಿದರೂ ಅವನ ಬಾಯಲ್ಲಿ ಐದಾರು ಪದ ಮಾತ್ರ ಇದ್ದವು. ಅಮೆರಿಕದಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ‘ಅರ್ಲಿ ಇಂಟರ್ವೆನ್ಶನ್’ ಎಂಬ ಸರ್ಕಾರಿ ವ್ಯವಸ್ಥೆ ಇದೆ, ಅದರ ಮೌಲ್ಯಮಾಪನಕ್ಕೆ ಹಣ ಕೊಡಬೇಕಿಲ್ಲ. ಬಂದವರೊಬ್ಬರು ಮಗುವನ್ನು ನೋಡಿ, ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಒಂದೇ ಇರಲಿ, ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗಿದೆ ಅಂದರು. ನಿಲ್ಲಿಸಿದರು. ಶಿವಮೊಗ್ಗದಲ್ಲಿರುವ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ದಿನಾ ಸಂಜೆಯ ವಿಡಿಯೋ ಕರೆಯಲ್ಲಿ ಅಜ್ಜಿ ಬರೀ ಕೈ ಬೀಸಿ, ನಕ್ಕು, ಫೋನ್ ಮಗನಿಗೆ ಕೊಡುತ್ತಿದ್ದರಂತೆ. ಎಂಟು ತಿಂಗಳಾದ ಮೇಲೆ ಬೇರೊಬ್ಬ ಥೆರಪಿಸ್ಟ್ ಬಂದರು. ಎರಡು ಭಾಷೆ ಕೇಳಿಸಿಕೊಂಡರೆ ಮಾತು ತಡವಾಗುವುದಿಲ್ಲ, ತಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲಿ ಮಗುವಿನ ಜೊತೆ ಹೆಚ್ಚು ಹೆಚ್ಚು ಮಾತಾಡುವುದೇ ಬೇಕಾದದ್ದು ಎಂದು ಬಿಡಿಸಿ ಹೇಳಿದರು. ಈ ಕ್ಷೇತ್ರ ಇವತ್ತು ಒಪ್ಪಿರುವ ಮಾತು ಅದೇ. ಮಗನಿಗೆ ಈಗ ಏಳು ವರ್ಷ, ಎರಡು ಭಾಷೆಯಲ್ಲೂ ವಾದ ಮಾಡುತ್ತಾನೆ. ಆದರೆ ಆ ಎಂಟು ತಿಂಗಳನ್ನು ಅವಳು ಮರೆತಿಲ್ಲ. ‘ನಮ್ಮ ಭಾಷೆ ಗೊತ್ತಿದ್ದವರು ಒಬ್ಬರಾದರೂ ಆ ಕೋಣೆಯಲ್ಲಿ ಇದ್ದಿದ್ರೆ’ ಅಂತ ನನಗೆ ಹೇಳಿದ್ದು ಎಷ್ಟು ಸಲವೋ.

ಇಲ್ಲಿ ಒಂದು ವಿಚಿತ್ರ ಇದೆ. ಈ ವಿಷಯದಲ್ಲಿ ದೇಶದ ದೊಡ್ಡ ಸಂಸ್ಥೆ ಇರುವುದು ನಮ್ಮ ಮೈಸೂರಿನಲ್ಲೇ. 1965ರಲ್ಲಿ ಶುರುವಾದ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ‘ಆಯಿಷ್’. ಕನ್ನಡದ ಮಕ್ಕಳ ಮಾತಿನ ಬಗ್ಗೆ ಅಲ್ಲಿ ದಶಕಗಳ ಕೆಲಸ ನಡೆದಿದೆ. ಆದರೆ ಭಾರತದಲ್ಲಿ ಎಂಜಿನಿಯರೊಬ್ಬಳು ಮೂವತ್ತೆಂಟರಲ್ಲಿ ಈ ವೃತ್ತಿಗೆ ಬರಬೇಕು ಅಂದರೆ ಬಾಗಿಲು ಬಹುತೇಕ ಮುಚ್ಚಿದೆ. ಸ್ನಾತಕೋತ್ತರ ಸೀಟಿಗೆ ಇದೇ ವಿಷಯದ ಪದವಿ ಇರಬೇಕು. ಆ ಪದವಿ ಪಿಯುಸಿ ವಿಜ್ಞಾನ ಮುಗಿಸಿ ಬರುವ ಮಕ್ಕಳಿಗಾಗಿ ಇರುವಂಥದ್ದು. ಅಮೆರಿಕದಲ್ಲಿ ಹಾಗಲ್ಲ, ಬೇರೆ ಯಾವ ಪದವಿ ಇದ್ದರೂ ತಳಪಾಯದ ಕೆಲವು ವಿಷಯಗಳನ್ನು ಓದಿ ಮುಗಿಸಿದರೆ ಅರ್ಜಿ ಹಾಕಬಹುದು. ಧ್ವನಿವಿಜ್ಞಾನ, ಮಾತಿನ ಅಂಗಗಳ ರಚನೆ, ಮಕ್ಕಳ ಭಾಷಾ ಬೆಳವಣಿಗೆ, ಶ್ರವಣವಿಜ್ಞಾನದ ಪರಿಚಯ, ಹೀಗೆ ಏಳೆಂಟು ಕೋರ್ಸು. ಯೂಟಾ ಸ್ಟೇಟ್ ಮೊದಲಾದ ವಿಶ್ವವಿದ್ಯಾಲಯಗಳು ಇವನ್ನು ಆನ್‌ಲೈನ್‌ನಲ್ಲೇ ಕಲಿಸುತ್ತವೆ. ಕೆಲಸ ಮಾಡಿಕೊಂಡೇ ಓದಬಹುದು. ಇವಳು ಓದಿದ್ದೂ ಹಾಗೆಯೇ, ಮಗ ಮಲಗಿದ ಮೇಲೆ.

ಕೋರ್ಸುಗಳಿಗಿಂತ ಹೆಚ್ಚು ತಲೆ ತಿಂದದ್ದು ಹಳೆಯ ಕಾಗದಗಳು. ಆಶಾದ ನಿಯಮದಂತೆ ಜೀವವಿಜ್ಞಾನ, ಭೌತ ಅಥವಾ ರಸಾಯನ ವಿಜ್ಞಾನ, ಸಂಖ್ಯಾಶಾಸ್ತ್ರ, ಸಮಾಜವಿಜ್ಞಾನ ಅಥವಾ ಮನೋವಿಜ್ಞಾನ, ಈ ನಾಲ್ಕರಲ್ಲೂ ಕಾಲೇಜು ಮಟ್ಟದ ಕೋರ್ಸು ಆಗಿರಬೇಕು. ಎಂಜಿನಿಯರಿಗೆ ಭೌತ, ರಸಾಯನ ಇದ್ದೇ ಇರುತ್ತವೆ. ಸಂಖ್ಯಾಶಾಸ್ತ್ರ? ನಾವು ನಾಲ್ಕನೇ ಸೆಮಿಸ್ಟರಿನ ಗಣಿತದಲ್ಲಿ ಪ್ರಾಬಬಿಲಿಟಿಯ ಜೊತೆ ಓದಿದ್ದೆವು, ಆದರೆ ನಿಯಮ ಕೇಳುವುದು ಸಂಖ್ಯಾಶಾಸ್ತ್ರಕ್ಕೇ ಮೀಸಲಾದ ಒಂದು ಪೂರ್ತಿ ಕೋರ್ಸನ್ನು. ಜೀವವಿಜ್ಞಾನವಂತೂ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಹದಿನಾರನೇ ವಯಸ್ಸಿನಲ್ಲಿ ಪಿಯುಸಿಗೆ ಸೇರುವಾಗ ಬಯಾಲಜಿ ಬೇಡ, ಕಂಪ್ಯೂಟರ್ ಸೈನ್ಸ್ ಇರಲಿ ಅಂತ ಟಿಕ್ ಹಾಕಿದ್ದಕ್ಕೆ ಮೂವತ್ತಾರನೇ ವಯಸ್ಸಿನಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಹದಿನೆಂಟರ ಹುಡುಗರ ಪಕ್ಕ ಕೂತು ಕಪ್ಪೆಯ ಹೊಟ್ಟೆ ನೋಡಬೇಕಾಯಿತು. (ಪಿಯುಸಿಯಲ್ಲಿ ಓದಿದ್ದರೂ ಸಾಲುತ್ತಿರಲಿಲ್ಲ, ಅಲ್ಲಿಯವರ ಲೆಕ್ಕದಲ್ಲಿ ಅದು ಹೈಸ್ಕೂಲು.)

ಭಾರತದ ಅಂಕಪಟ್ಟಿಯನ್ನು ಅಲ್ಲಿನ ಲೆಕ್ಕಕ್ಕೆ ಬದಲಿಸಿ ಕೊಡುವ ಸಂಸ್ಥೆಗಳಿವೆ. ಅವಕ್ಕೆ ಟ್ರಾನ್ಸ್‌ಕ್ರಿಪ್ಟ್ ಸಾಮಾನ್ಯವಾಗಿ ವಿಶ್ವವಿದ್ಯಾಲಯದಿಂದಲೇ ಹೋಗಬೇಕು. ಅವಳ ತಮ್ಮ ಎರಡು ಸಲ ರಜೆ ಹಾಕಿ ಓಡಾಡಿದ. ಅಮೆರಿಕದಿಂದ ಈ ಯೋಚನೆ ಮಾಡುತ್ತಿರುವವರಿಗೆ ನನ್ನ ಸಲಹೆ ಒಂದೇ: ಯಾವ ಕೋರ್ಸಿಗೂ ಹಣ ಕಟ್ಟುವ ಮೊದಲು, ಈ ಸಲ ಊರಿಗೆ ಬಂದಾಗಲೇ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಕೊಟ್ಟು ಹೋಗಿ. ಮೂರು ವರ್ಷದ ಬಿಎಸ್ಸಿ, ಬಿಕಾಂನವರು ಇನ್ನೊಂದು ಹೆಜ್ಜೆ ಮುಂಚೆಯೇ ವಿಚಾರಿಸಬೇಕು, ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ತಮ್ಮ ನಾಲ್ಕು ವರ್ಷದ ಪದವಿಗೆ ಸಮ ಎಂದು ಒಪ್ಪುವುದಿಲ್ಲ.

ಶಿಫಾರಸು ಪತ್ರಗಳದ್ದು ಇನ್ನೊಂದು ಕಥೆ. ಮೂರು ಬೇಕು, ಕಲಿಸಿದವರಿಂದ ಬಂದರೆ ಹೆಚ್ಚು ಬೆಲೆ. ಹದಿನಾರು ವರ್ಷದ ಹಿಂದೆ ಕಲಿಸಿದ ಮೇಷ್ಟ್ರಲ್ಲಿ ಇಬ್ಬರು ನಿವೃತ್ತರು, ಒಬ್ಬರು ಇಲ್ಲ. ಹಾಗಾಗಿ ಆನ್‌ಲೈನ್ ಕೋರ್ಸುಗಳಲ್ಲಿ ಅವಳು ಮೊದಲ ವಾರದಿಂದಲೇ ಪ್ರಶ್ನೆ ಕೇಳಿ, ಪ್ರಾಧ್ಯಾಪಕರಿಗೆ ಸಿಗುವ ಸಮಯದಲ್ಲಿ ತಪ್ಪದೆ ಹಾಜರಾಗಿ ಮುಖಪರಿಚಯ ಮಾಡಿಕೊಂಡಳು. ಪತ್ರ ಬರೆದವರಲ್ಲಿ ಇಬ್ಬರು ಅವರೇ.

ಆದರೆ ಅವಳ ನಿಜವಾದ ಹೆದರಿಕೆ ಕಾಗದದ್ದಲ್ಲ, ಬಾಯಿಯದ್ದು. ‘ನನ್ನ ಇಂಗ್ಲಿಷೇ ಹೀಗೆ. ಅಮೆರಿಕದ ಮಕ್ಕಳಿಗೆ ಉಚ್ಚಾರಣೆ ಕಲಿಸೋಕೆ ನನ್ನನ್ನ ಯಾರು ತಗೋತಾರೆ?’ ಈ ಪ್ರಶ್ನೆಯನ್ನು ಕೇಳಿಕೊಳ್ಳದ ವಲಸಿಗರು ಈ ಕ್ಷೇತ್ರಕ್ಕೆ ಬರುವುದೇ ಇಲ್ಲವೇನೋ. ಆಶಾ 1998ರಲ್ಲೇ ಇದರ ಬಗ್ಗೆ ತನ್ನ ನಿಲುವು ಪ್ರಕಟಿಸಿದೆ. ಬೇರೆ ಉಚ್ಚಾರಣೆಯಲ್ಲಿ ಇಂಗ್ಲಿಷ್ ಮಾತಾಡುವವರು ಈ ವೃತ್ತಿಯನ್ನು ಸಮರ್ಥವಾಗಿ ಮಾಡಬಲ್ಲರು, ಅದನ್ನೇ ನೆಪ ಮಾಡಿ ಅವರನ್ನು ಹೊರಗಿಡಬಾರದು. ಆದರೆ ರೋಗಿಗೆ ಕಲಿಸಬೇಕಾದ ಆ ನಿರ್ದಿಷ್ಟ ಧ್ವನಿಯನ್ನು ಮಾದರಿಯಾಗಿ ಮಾಡಿ ತೋರಿಸಲು ಅವರಿಗೆ ಬರಬೇಕು. ಅಂದರೆ ದಿನವಿಡೀ ಅಮೆರಿಕದವರ ಹಾಗೆ ಮಾತಾಡಬೇಕಿಲ್ಲ, ಬೇಕಾದಾಗ ಆ ಒಂದು ಧ್ವನಿ ಬಂದರೆ ಸಾಕು.

ಆ ಒಂದು ಧ್ವನಿ ಅವಳಿಗೆ ‘ಆರ್’ ಆಗಿತ್ತು. ಅಮೆರಿಕದ ಶಾಲೆಗಳಲ್ಲಿ ಥೆರಪಿಗೆ ಬರುವ ಮಕ್ಕಳಲ್ಲಿ ಈ ‘ಆರ್’ ಹೇಳಲಾಗದವರು ಬಹಳ. ನಮ್ಮ ‘ರ’ದಲ್ಲಿ ನಾಲಿಗೆಯ ತುದಿ ಹಲ್ಲಿನ ಹಿಂದಿನ ವಸಡಿಗೆ ತಟ್ಟುತ್ತದೆ, ಅವರದ್ದರಲ್ಲಿ ನಾಲಿಗೆ ಏನನ್ನೂ ಮುಟ್ಟದೆ ಬಾಯಿಯ ನಡುವೆ ಮುದುಡಿ ನಿಲ್ಲುತ್ತದೆ. ಕಾರಿನಲ್ಲಿ ಹೋಗುವಾಗ ಬರುವಾಗ ಅದನ್ನೇ ಅಭ್ಯಾಸ ಮಾಡಿದಳು, ಮಗ ಹಿಂದಿನ ಸೀಟಿನಿಂದ ತಿದ್ದುತ್ತಿದ್ದ. ‘ವಿ’ಗೂ ‘ಡಬ್ಲ್ಯೂ’ಗೂ ಒಂದೇ ‘ವ’ ಹಾಕುವ ನಮ್ಮ ಅಭ್ಯಾಸ, ಬಸ್ಸನ್ನು ‘ಬಸ್ಸು’ ಮಾಡಿ ಕೊನೆಗೊಂದು ಉಕಾರ ಸೇರಿಸುವುದು, ಇವೆಲ್ಲ ಒಂದೊಂದಾಗಿ ಪಟ್ಟಿಯಾದವು.

ಧ್ವನಿವಿಜ್ಞಾನದ ತರಗತಿಯಲ್ಲಿ ಮಾತ್ರ ಗಾಳಿ ತಿರುಗಿತು. ಧ್ವನಿ ಹುಟ್ಟುವ ಜಾಗ, ಕಂಠ ಕಂಪಿಸುತ್ತದೋ ಇಲ್ಲವೋ, ಉಸಿರು ಹೆಚ್ಚೋ ಕಡಿಮೆಯೋ, ಮೂಗಿನಿಂದಲೋ ಬಾಯಿಂದಲೋ, ಇದನ್ನು ಕೋಷ್ಟಕ ಮಾಡಿ ಬಾಯಿಪಾಠ ಮಾಡಲು ಸಹಪಾಠಿಗಳು ಒದ್ದಾಡುತ್ತಿದ್ದರು. ಇವಳಿಗೆ ಅದು ಒಂದನೇ ಕ್ಲಾಸಿನ ಗೋಡೆಯ ಮೇಲಿನ ವರ್ಣಮಾಲೆಯ ಚಾರ್ಟು. ಕ, ಚ, ಟ, ತ, ಪ ಅಂತ ಹೇಳುತ್ತಾ ಹೋದರೆ ಗಂಟಲ ಕಡೆಯಿಂದ ತುಟಿಗೆ ಬಂದು ಮುಟ್ಟುತ್ತೇವೆ. ಅಡ್ಡಸಾಲಿನಲ್ಲಿ ಕ, ಖ, ಗ, ಘ, ಙ: ಉಸಿರು, ಕಂಪನ, ಕೊನೆಗೆ ಮೂಗು. ‘ಈ ಙ, ಞ ಯಾಕೆ ಅಂತ ಮೂವತ್ತು ವರ್ಷ ಆದ್ಮೇಲೆ ಗೊತ್ತಾಯ್ತು ಕಣೋ’ ಅಂತ ಸಂದೇಶ ಕಳಿಸಿದ್ದಳು. ಆ ಕೋರ್ಸಿನಲ್ಲಿ ತರಗತಿಗೇ ಹೆಚ್ಚು ಅಂಕ ಅವಳದ್ದು.

ಇದು ಬರೀ ಅಂಕದ ಮಾತಲ್ಲ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಇಂಗ್ಲಿಷಿನಲ್ಲಿ ‘ದಿ’, ‘ಎ’ ಬಿಟ್ಟು ಮಾತಾಡಿದರೆ ಅದು ದೋಷವೋ, ಕನ್ನಡದಲ್ಲಿ ಅಂಥ ಪದಗಳೇ ಇಲ್ಲದ್ದರ ನೆರಳೋ? ಇದನ್ನು ಬೇರ್ಪಡಿಸಿ ನೋಡುವುದೇ ಆ ವೃತ್ತಿಯ ಮುಖ್ಯ ಕೌಶಲಗಳಲ್ಲಿ ಒಂದು. ಮಗುವನ್ನು ಅದರ ಮನೆಮಾತಿನಲ್ಲೂ ಪರೀಕ್ಷಿಸಬೇಕು ಎಂಬ ಕಾನೂನೇ ಅಲ್ಲಿದೆ. ಕನ್ನಡದಲ್ಲಿ ಪರೀಕ್ಷಿಸಬಲ್ಲವರು ಸಿಗಬೇಕಷ್ಟೇ.

ಪ್ರಬಂಧದಲ್ಲಿ ನಮ್ಮಿಬ್ಬರಿಗೂ ಜಗಳವಾದದ್ದು ಇಲ್ಲೇ. ಅವಳ ಮೊದಲ ಕರಡು, ನನಗೆ ಜನರಿಗೆ ಸಹಾಯ ಮಾಡುವುದೆಂದರೆ ಇಷ್ಟ ಅಂತ ಶುರುವಾಗಿ, ಐಟಿಯ ವರ್ಷಗಳಿಗೆ ಕ್ಷಮೆ ಕೇಳುವ ಹಾಗೆ ಮುಗಿಯುತ್ತಿತ್ತು. ಸಹಾಯ ಮಾಡುವುದು ಯಾರಿಗೆ ಇಷ್ಟವಿಲ್ಲ? ಅಜ್ಜಿಯ ವಿಡಿಯೋ ಕರೆಯ ಬಗ್ಗೆ ಬರೆ, ‘ಆರ್’ ಬಗ್ಗೆ ಬರೆ ಅಂದೆ. ಮನೆಯ ವಿಷಯ ಪರಕೀಯರ ಮುಂದೆ ಯಾಕೆ ಅನ್ನುವುದು ಅವಳ ಸಂಕೋಚ. ಐದನೇ ಕರಡಿನಲ್ಲಿ ಅಜ್ಜಿ ಬಂದರು, ಮೂರೇ ಸಾಲು. ಟೆಸ್ಟಿಂಗ್ ಬಗ್ಗೆ ಒಂದು ಪ್ಯಾರಾ ಉಳಿಯಿತು: ಒಂದೇ ದೋಷವನ್ನು ನೂರು ಸಲ ತಾಳ್ಮೆಯಿಂದ ನೋಡಿ ದಾಖಲಿಸುವ ಅಭ್ಯಾಸ ತನಗಿದೆ ಎಂದು.

ಇನ್ನು ವೀಸಾ, ಹಣ. ಇದನ್ನು ಮೊದಲೇ ಲೆಕ್ಕ ಹಾಕದೆ ಹೆಜ್ಜೆ ಇಡಬಾರದು. ಗಂಡ ಎಚ್-1ಬಿ, ಇವಳು ಎಚ್-4. ಎಚ್-4ರಲ್ಲಿ ಓದಲು ಅಡ್ಡಿಯಿಲ್ಲ. ದುಡಿಯಲು ಪರವಾನಗಿ ಬೇಕು. ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ 2015ರಿಂದ ಅದು ಸಿಗುತ್ತಿದೆ, ಇವಳಿಗೂ ಇದೆ. ಆದರೆ ಪದೇ ಪದೇ ನವೀಕರಿಸುತ್ತಿರಬೇಕು. ಓದಿನ ಭಾಗವಾದ ಸಂಬಳವಿಲ್ಲದ ತರಬೇತಿ ಬೇರೆ, ಆಮೇಲಿನ ಫೆಲೋಶಿಪ್ ಬೇರೆ. ಅದು ಸಂಬಳದ ಕೆಲಸ, ಪರವಾನಗಿ ಇಲ್ಲದೆ ಮಾಡುವಂತಿಲ್ಲ. ಪದವಿ ಕೈಯಲ್ಲಿ, ಫೆಲೋಶಿಪ್ ಮಾಡಲಾಗದೆ ಮನೆಯಲ್ಲಿ ಎಂಬ ಸ್ಥಿತಿ ಯಾರಿಗೂ ಬರಬಹುದು. ಎಚ್-4ನವರಿಗೆ ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಸಿಗುವುದಿಲ್ಲ, ಗ್ರೀನ್ ಕಾರ್ಡ್ ಬಂದವರಿಗೆ ಸಿಗುತ್ತದೆ. ಭಾರತೀಯರಿಗೆ ಆ ಸರದಿ ಎಷ್ಟು ಉದ್ದ ಎಂದು ಓದುಗರಿಗೆ ಹೇಳಬೇಕಿಲ್ಲ. ಐಟಿಯ ಸಂಬಳ ಬಿಟ್ಟು, ಎರಡು ವರ್ಷದ ಫೀಸು ಉಳಿತಾಯದಿಂದ ಕಟ್ಟಿ, ಕೊನೆಗೆ ಸಿಗುವ ಸಂಬಳ ಅವಳ ಈಗಿನದ್ದಕ್ಕಿಂತ ಕಡಿಮೆಯೇ. ‘ಐಟಿಯಿಂದ ಸುಲಭದ ದಾರಿ’ ಅಂತ ಇದನ್ನು ಯಾರಾದರೂ ತೋರಿಸಿದರೆ ನಂಬಬೇಡಿ.

ಏಳು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹೋಯಿತು. ಬಹುತೇಕ ಎಲ್ಲವೂ ಸಿಎಸ್‌ಡಿಕ್ಯಾಸ್ ಎಂಬ ಒಂದೇ ಜಾಲತಾಣದ ಮೂಲಕ. ನಾಲ್ಕು ಕಡೆ ಇಲ್ಲ ಅಂದರು, ಒಂದು ಕಡೆಯಿಂದ ಇನ್ನೂ ಉತ್ತರವಿಲ್ಲ. ಸೀಟು ಕೊಟ್ಟಿರುವುದು ಕಾರಿನಲ್ಲಿ ಎಂಟು ಗಂಟೆ ದೂರದ ರಾಜ್ಯದ ವಿಶ್ವವಿದ್ಯಾಲಯ, ಹೊರರಾಜ್ಯದವರ ಫೀಸು. ಮನೆಯಿಂದ ನಲವತ್ತು ನಿಮಿಷದ ಕಾಲೇಜಿನಲ್ಲಿ ವೇಟ್‌ಲಿಸ್ಟ್. ದೂರದ ಸೀಟಿಗೆ ಏಪ್ರಿಲ್ 15ರೊಳಗೆ ಹೌದು ಅಥವಾ ಇಲ್ಲ ಅನ್ನಬೇಕು. ಗಂಡ ಹೋಗು ಅನ್ನುತ್ತಿದ್ದಾರೆ, ಮಗನನ್ನು ನೋಡಿಕೊಳ್ಳಲು ಶಿವಮೊಗ್ಗದ ಅಜ್ಜಿ ವೀಸಾಗೆ ಅರ್ಜಿ ಹಾಕಿದ್ದಾರೆ. ಇವಳು ವೇಟ್‌ಲಿಸ್ಟ್ ಕಾಲೇಜಿಗೆ ಇನ್ನೊಂದು ಪತ್ರ ಬರೆದಿದ್ದಾಳೆ. ನಿನ್ನೆ ರಾತ್ರಿ ಅದರ ಕರಡು ನನಗೆ ಬಂತು, ತಿದ್ದಲು ಹೆಚ್ಚೇನೂ ಇರಲಿಲ್ಲ.