ಪಿಯಾನೋವಿಗೆ ಮಳೆಗಾಲದ ಪರೀಕ್ಷೆ

ಮಳೆ ಹಿಡಿಯಿತೆಂದರೆ ಮುಂಬಯಿಯ ಹಳೆಯ ಮನೆಗಳ ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುವುದೂ ಒಣಹವೆಯಲ್ಲಿ ಕುಗ್ಗುವುದೂ ನಾವೆಲ್ಲರೂ ಕಂಡ ಸಂಗತಿಯೇ. ಬಾಗಿಲನ್ನಾದರೆ ಬಡಗಿಯು ಒಂದಿಷ್ಟು ಹೆರೆದು ಸರಿಪಡಿಸಿಯಾನು. ಆದರೆ ಕೋಟಿ ರೂಪಾಯಿಗೂ ಮಿಕ್ಕ ಬೆಲೆಯ ಕಚೇರಿ ಪಿಯಾನೋ ಇದೇ ಹವೆಗೆ ಸಿಲುಕಿದರೆ ಅದರ ಗತಿಯೇನು?

ನಾರಿಮನ್ ಪಾಯಿಂಟ್‌ನಲ್ಲಿ, ಕಡಲಿನ ಮಗ್ಗುಲಲ್ಲೇ, 1969ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪ್ರದರ್ಶನ ಕಲಾ ಕೇಂದ್ರವಿದೆ. ಅಲ್ಲಿ ಪಾಶ್ಚಾತ್ಯ ಸಂಗೀತವನ್ನು ಆಲಿಸುವ ನಮ್ಮವರೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬಹುದು.

ಸುಮಾರು 9 ಅಡಿ ಉದ್ದದ ಈ ವಾದ್ಯದಲ್ಲಿ 88 ಮನೆಗಳೂ ಸುಮಾರು 230 ತಂತಿಗಳೂ ಇವೆ. ತಂತಿಗಳ ಒಟ್ಟು ಸೆಳೆತ 20 ಟನ್ನುಗಳಷ್ಟು. ಅದನ್ನು ಕಬ್ಬಿಣದ ಚೌಕಟ್ಟು ತಡೆಯುತ್ತದೆಯಾದರೂ ನಾದವನ್ನು ಹೊಮ್ಮಿಸುವುದು ಸ್ಪ್ರೂಸ್ ಮರದ ತೆಳುವಾದ ಹಲಗೆ. ತೇವವೇರಿದಾಗ ಆ ಹಲಗೆ ಉಬ್ಬಿ ತಂತಿಗಳನ್ನು ಬಿಗಿಯುತ್ತದೆ, ಶ್ರುತಿ ಮೇಲೇರುತ್ತದೆ. ಒಣಗಿದಾಗ ಶ್ರುತಿ ಇಳಿಯುತ್ತದೆ; ಮಿತಿಮೀರಿದರೆ ಹಲಗೆ ಬಿರಿಯುತ್ತದೆ, ತಂತಿ ಸುತ್ತಿದ ಗೂಟಗಳ ಹಿಡಿತ ಸಡಿಲುತ್ತದೆ. ಮಳೆಗಾಲದಲ್ಲಿ ಉಣ್ಣೆಯ ಭಾಗಗಳು ಊದಿ ಮನೆಗಳು ಅಂಟುತ್ತವೆ. ಉಕ್ಕಿನ ತಂತಿಗೆ ತುಕ್ಕು ಹತ್ತುತ್ತದೆ.

ಮರವು ಒಂದೇ ಬಗೆಯ ಹವೆಗೆ ಒಗ್ಗಿಕೊಂಡೀತು. ಏರಿಳಿತವನ್ನು ಮಾತ್ರ ಸಹಿಸದು. ಮೇ ತಿಂಗಳ ಒಣ ಬಿಸಿಗಾಳಿಯಿಂದ ಜುಲೈ ತಿಂಗಳ ತೇವಕ್ಕೆ ಹೊರಳುವ ದೆಹಲಿಯ ಹವೆ ಇದಕ್ಕೆ ನಿದರ್ಶನ. ಕಚೇರಿಯ ಸಂಜೆ ಮಾತ್ರ ತಂಪುಯಂತ್ರವನ್ನು ನಡೆಸಿ ರಾತ್ರಿ ನಿಲ್ಲಿಸಿಬಿಡುವುದು ಉಳಿತಾಯದಂತೆ ಕಂಡರೂ, ವಾದ್ಯಕ್ಕೆ ದಿನವೂ ಒಂದು ಬೇಸಗೆ, ಒಂದು ಮಳೆಗಾಲವನ್ನು ತೋರಿಸಿದಂತಾಗುತ್ತದೆ. ಆದುದರಿಂದ ಬಲ್ಲವರು ಪಿಯಾನೋ ಇರುವ ಕೋಣೆಯ ತೇವಾಂಶವನ್ನು ಹಗಲಿರುಳೂ ಶೇಕಡಾ 40ರಿಂದ 50ರ ಆಸುಪಾಸಿನಲ್ಲಿ ಕಾಯ್ದಿರಿಸುತ್ತಾರೆ. ವಾದ್ಯದ ಅಡಿಯಲ್ಲೇ ಜೋಡಿಸುವ ಉಪಕರಣವೂ ಉಂಟು: ತೇವ ಹೆಚ್ಚಿದಾಗ ಅದರ ಸರಳು ಕಾದು ಒಣಗಿಸುತ್ತದೆ, ಕಡಿಮೆಯಾದಾಗ ನೀರಿನ ತೊಟ್ಟಿಯಿಂದ ಆವಿಯನ್ನೊದಗಿಸುತ್ತದೆ.

ನಮ್ಮ ಮೃದಂಗ ವಿದ್ವಾಂಸರು ಮಳೆಯ ಸಂಜೆ ವೇದಿಕೆಯಲ್ಲೇ ಕಲ್ಲಿನಿಂದ ತಟ್ಟಿ ಶ್ರುತಿ ಕೂಡಿಸಿಕೊಳ್ಳುತ್ತಾರೆ. ಪಿಯಾನೋ ವಾದಕನಿಗೆ ಆ ಅನುಕೂಲವಿಲ್ಲ. ಸಭಿಕರು ಬರುವ ಮುನ್ನ ಬರಿದಾದ ಸಭಾಂಗಣದಲ್ಲಿ ಕುಳಿತು, ತಂತಿ ತಂತಿಗೂ ಕಿವಿಗೊಟ್ಟು ಶ್ರುತಿಗೂಡಿಸಿ ಹೋದವನನ್ನೇ ಅವನು ನಂಬಬೇಕು. ವಾದ್ಯವನ್ನು ಕೊಳ್ಳಲು ಒಮ್ಮೆ ಧಾರಾಳವಾಗಿ ಹಣ ಕೊಡುವ ಮಂಡಳಿಗಳು ಈ ಕಾಣದ ಕೈಗೂ ಪ್ರತಿದಿನದ ವಿದ್ಯುತ್ತಿಗೂ ಕೈಬಿಗಿ ಹಿಡಿಯಬಾರದು. ಚಪ್ಪಾಳೆಯಲ್ಲಿ ಒಂದು ಪಾಲು ಆ ಶ್ರುತಿಗಾರನಿಗೂ ಸಲ್ಲಬೇಕೆಂದು ನಾವು ಭಾವಿಸುತ್ತೇವೆ.