ಕಿರುಬೆರಳಿನ ನರ ಮತ್ತು ಸೈಕಲ್ಲಿನ ಹಿಡಿ

ಗುಡ್ಡಗಾಡಿನ ಕಲ್ಲುಹಾದಿಯಲ್ಲಿ ಮೌಂಟನ್ ಬೈಕ್ ಓಡಿಸುವವರಲ್ಲಿ ಅನೇಕರಿಗೆ ದೀರ್ಘ ಸವಾರಿಯ ನಡುವೆ ಕಿರುಬೆರಳು ಜೋಮು ಹಿಡಿಯುತ್ತದೆ. ಉಂಗುರಬೆರಳಿನಲ್ಲಿ ಕಿರುಬೆರಳಿನ ಕಡೆಯ ಅರ್ಧಭಾಗವೂ ಮರಗಟ್ಟುತ್ತದೆ, ಉಳಿದರ್ಧ ಸರಿಯಾಗಿಯೇ ಇರುತ್ತದೆ. ಬೆರಳೊಂದನ್ನು ಹೀಗೆ ನಡುವೆ ಸೀಳಿದಂತೆ ಕಾಣುವ ಈ ಗಡಿ ಅಲ್ನರ್ ನರದ ಸಂವೇದನಾ ಕ್ಷೇತ್ರದ ಗಡಿಯೇ ಆಗಿದೆ.

ಕತ್ತಿನ ಕೊನೆಯ ನರಬೇರು ಮತ್ತು ಎದೆಭಾಗದ ಮೊದಲ ನರಬೇರಿನಿಂದ ಹೊರಡುವ ಈ ನರ, ತೋಳಿನ ಒಳಬದಿಯಲ್ಲಿ ಇಳಿದು, ಮೊಣಕೈಯ ಹಿಂದೆ ಚರ್ಮಕ್ಕೆ ತೀರ ಹತ್ತಿರವಾಗಿ ಹಾಯುತ್ತದೆ. ಮೊಣಕೈ ಬಾಗಿಲಿಗೆ ತಗುಲಿದಾಗ ಶಾಕ್ ಹೊಡೆದಂತಾಗುವುದು ಇದರಿಂದಲೇ. ಮಣಿಕಟ್ಟಿನಲ್ಲಿ ಅದು ಎರಡು ಪುಟ್ಟ ಮೂಳೆಗಳ ನಡುವಿನ ಇಕ್ಕಟ್ಟಾದ ಹಾದಿಯ ಮೂಲಕ ಅಂಗೈಯನ್ನು ಸೇರುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಫೆಲಿಕ್ಸ್ ಗಯೋನ್ 1861ರಲ್ಲಿ ವಿವರಿಸಿದ ಈ ಹಾದಿಗೆ ಗಯೋನ್ ಕಾಲುವೆ ಎಂದೇ ಹೆಸರು. ಪಕ್ಕದ ಕಾರ್ಪಲ್ ಸುರಂಗಕ್ಕೆ ದಪ್ಪನೆಯ ಅಸ್ಥಿರಜ್ಜುವಿನ ಮೇಲ್ಛಾವಣಿಯಿದೆ. ಗಯೋನ್ ಕಾಲುವೆಯ ಮೇಲಿರುವುದು ತೆಳು ಪದರ ಮಾತ್ರ. ಹ್ಯಾಂಡಲಿನ ಮೇಲೆ ಅಂಗೈ ಊರಿದಾಗ ದೇಹದ ಭಾರ ಬೀಳುವುದು ಸರಿಯಾಗಿ ಅಲ್ಲಿಗೇ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಆ ಭಾರ ಇನ್ನೂ ಹೆಚ್ಚುತ್ತದೆ, ಜೊತೆಗೆ ಹಾದಿಯ ಕಂಪನವೂ ಸೇರುತ್ತದೆ. ಒತ್ತಡದಿಂದ ನರದೊಳಗಿನ ಸೂಕ್ಷ್ಮ ರಕ್ತನಾಳಗಳಲ್ಲಿ ಹರಿವು ಕುಗ್ಗಿ, ಸಂಕೇತಗಳ ವಹನ ತಡವರಿಸುತ್ತದೆ.

ತೊಂದರೆ ಎಲ್ಲಿದೆ ಎಂಬುದಕ್ಕೆ ಚರ್ಮವೇ ಸುಳಿವು ಕೊಡುತ್ತದೆ. ಹಿಂಗೈಯ ಕಿರುಬೆರಳಿನ ಬದಿಗೆ ಹೋಗುವ ಶಾಖೆ ಮಣಿಕಟ್ಟಿಗಿಂತ ಮೇಲೆಯೇ ಕವಲೊಡೆಯುತ್ತದೆ. ಆದ್ದರಿಂದ ಒತ್ತಡ ಗಯೋನ್ ಕಾಲುವೆಯಲ್ಲಿದ್ದರೆ ಹಿಂಗೈ ಜೋಮು ಹಿಡಿಯುವುದಿಲ್ಲ. ಮೊಣಕೈಯಲ್ಲಿದ್ದರೆ ಹಿಂಗೈಯೂ ಮರಗಟ್ಟಬಹುದು. ಮುಂದೋಳಿನ ಒಳಬದಿಯವರೆಗೂ ಜೋಮು ಹಬ್ಬಿದ್ದರೆ ಅಥವಾ ಕತ್ತು ಹಿಂದಕ್ಕೆ ಬಾಗಿಸಿದಾಗ ನೋವು ತೋಳಿಗಿಳಿದರೆ ಕತ್ತಿನ ನರಬೇರನ್ನು ಶಂಕಿಸಬೇಕಾಗುತ್ತದೆ. ಮುಂದಕ್ಕೆ ಬಾಗಿ ಕುಳಿತು, ಹಾದಿ ನೋಡಲು ತಲೆಯೆತ್ತುವ ಸವಾರರ ಭಂಗಿಯಲ್ಲಿ ನರಬೇರುಗಳು ಹೊರಬರುವ ರಂಧ್ರಗಳು ಕಿರಿದಾಗುತ್ತವೆ. ತೊಂದರೆ ಕತ್ತಿನಲ್ಲಿರುವವರಿಗೆ ಕೈಗವಸು ಬದಲಿಸಿ ಪ್ರಯೋಜನವಿಲ್ಲ. ಹ್ಯಾಂಡಲನ್ನು ಎತ್ತರಿಸಿ, ಹತ್ತಿರ ತಂದು, ಕತ್ತಿನ ಬಾಗು ಕಡಿಮೆ ಮಾಡುವುದೇ ದಾರಿ.

ಅಂಗೈಯ ಒತ್ತಡಕ್ಕೆ ಪರಿಹಾರ ಬಹುಮಟ್ಟಿಗೆ ಸೈಕಲ್ಲಿನಲ್ಲೇ ಇದೆ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈಭಾರವೆಲ್ಲ ಜಾರಿ ಕೈಗೆ ಬರುತ್ತದೆ. ಅದನ್ನು ಸಮಮಟ್ಟಕ್ಕೆ ತರುವುದು ಖರ್ಚಿಲ್ಲದ ಚಿಕಿತ್ಸೆ, ಮೊದಲು ಮಾಡಬೇಕಾದದ್ದೂ ಅದೇ. ಮಣಿಕಟ್ಟು ನೇರವಾಗಿರುವಂತೆ ಬ್ರೇಕ್ ಲಿವರನ್ನು ತಿರುಗಿಸಿಕೊಳ್ಳಬಹುದು. ಅಂಗೈಯ ಅಂಚಿನ ಕಡೆಗೆ ಅಗಲವಾಗುವ ಹಿಡಿಗಳು ಅದೇ ಭಾರವನ್ನು ಹೆಚ್ಚು ಜಾಗಕ್ಕೆ ಹಂಚುತ್ತವೆ. ಟೈರಿನ ಗಾಳಿಯನ್ನು ಮಿತಿಯೊಳಗೆ ತುಸು ಇಳಿಸಿದರೆ, ಸಸ್ಪೆನ್ಷನ್ ಫೋರ್ಕ್ ನುಂಗದೆ ಬಿಡುವ ಸಣ್ಣ ಕಂಪನವೂ ತಗ್ಗುತ್ತದೆ. ಹೊಟ್ಟೆ-ಬೆನ್ನಿನ ಸ್ನಾಯುಗಳು ಬಲವಾಗಿದ್ದರೆ ಕೈಗೆ ಹೊರೆ ಕಡಿಮೆ.

ಆದರೆ ಜೋಮನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಅಪಾಯಕರ. ಕಾಲುವೆಯೊಳಗೆ ನರ ಎರಡಾಗುತ್ತದೆ: ಒಂದು ಸಂವೇದನೆಗೆ, ಇನ್ನೊಂದು ಸ್ನಾಯುಗಳ ಚಲನೆಗೆ. ಆಳದಲ್ಲಿರುವ ಚಾಲಕ ಶಾಖೆಯೊಂದೇ ನಲುಗಿದರೆ ಜೋಮು ಇರುವುದಿಲ್ಲ, ಬೆರಳುಗಳ ಬಲ ಮಾತ್ರ ಸದ್ದಿಲ್ಲದೆ ಕುಗ್ಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ ಕಾಗದ ಹಿಡಿದು ಎಳೆದಾಗ ಹೆಬ್ಬೆರಳಿನ ತುದಿಗೆಣ್ಣು ಮಡಚಿಕೊಂಡರೆ ಅದು ಈ ದೌರ್ಬಲ್ಯದ ಗುರುತು. ಫ್ರೆಂಚ್ ನರತಜ್ಞ ಜೂಲ್ಸ್ ಫ್ರೊಮೆಂಟ್ 1915ರಲ್ಲಿ ವಿವರಿಸಿದ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಸವಾರಿ ಮುಗಿದ ಸ್ವಲ್ಪ ಹೊತ್ತಿನಲ್ಲಿ ಇಳಿದುಹೋಗುವ ಜೋಮಿಗೆ ಸೈಕಲ್ ಬಿಡಬೇಕಾಗಿಲ್ಲ. ಮರುದಿನವೂ ಉಳಿಯುವ ಜೋಮು, ಸಡಿಲಾದ ಹಿಡಿತ, ಹೆಬ್ಬೆರಳು-ತೋರುಬೆರಳಿನ ನಡುವಿನ ಸ್ನಾಯು ಬತ್ತಿದಂತೆ ಕಾಣುವುದು, ಇವುಗಳಲ್ಲಿ ಯಾವುದಿದ್ದರೂ ಸವಾರಿ ನಿಲ್ಲಿಸಿ ನರತಜ್ಞರನ್ನು ಕಾಣುವುದೇ ಸರಿ. ನರದ ಹೊದಿಕೆಗಷ್ಟೇ ಪೆಟ್ಟಾಗಿದ್ದರೆ ಸಾಮಾನ್ಯವಾಗಿ ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಗುಣವಾಗುತ್ತದೆ. ಒಳಗಿನ ಅಕ್ಷತಂತುವೇ ಹಾಳಾಗಿದ್ದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟು. ಮಣಿಕಟ್ಟಿನಿಂದ 10 ಸೆಂಟಿಮೀಟರ್ ದೂರದ ಸ್ನಾಯುವನ್ನು ಮುಟ್ಟಲು ಅದಕ್ಕೆ ಮೂರು ತಿಂಗಳಿಗೂ ಹೆಚ್ಚು ಕಾಲ ಬೇಕು.