ಗುರಿಹಲಗೆ ಅಗ್ಗವಾಗಿರಲಿ, ಬೆನ್ನಿನ ದಿಬ್ಬ ಗಟ್ಟಿಯಾಗಿರಲಿ

ಗದ್ದೆ ನಾಟಿ ಮುಗಿದು ಕೈಲ್ ಪೊಳ್ದ್ ಸಮೀಪಿಸುತ್ತಿದ್ದಂತೆ ಕೊಡಗಿನ ಊರೂರುಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಮಾತು ಏಳುತ್ತದೆ. ತೋಕ್ ಪೂ ಮುಡಿಸಿ ಪೂಜೆ ಮಾಡಿದ ಕೋವಿ ಮೈದಾನಕ್ಕೆ ಬರುತ್ತದೆ. ವರ್ಷವಿಡೀ ಗೂಟಕ್ಕೆ ನೇತುಹಾಕಿದ್ದ ಕೋವಿಯಿಂದ ಆ ಒಂದು ದಿನ ಕಾಯಿ ಒಡೆಯಬೇಕೆಂದರೆ ಹೇಗಾದೀತು? ಅಭ್ಯಾಸ ಬೇಕು. ಅಭ್ಯಾಸಕ್ಕೆ ಗುರಿ ಬೇಕು. ಇಂದಿನ ಬೆಲೆಯಲ್ಲಿ ತೆಂಗಿನಕಾಯಿಯನ್ನು ಅಭ್ಯಾಸಕ್ಕೆ ಒಡೆಯುವುದು ಮನೆಯ ಹೆಂಗಸರಿಗಂತೂ ಒಪ್ಪಿಗೆಯಾಗುವ ಸಂಗತಿಯಲ್ಲ. ಅಂಗಡಿಯಲ್ಲಿ ಸಿಗುವ ಅಚ್ಚಾದ ಗುರಿಕಾಗದ ಊರಿನ ಸಣ್ಣ ಸಂಘಗಳಿಗೆ ದುಬಾರಿ. ಆದರೆ ಇದಕ್ಕೆ ಬೇಕಾದ ಸಾಮಗ್ರಿಯೆಲ್ಲ ನಮ್ಮ ತೋಟದಲ್ಲೇ ಬಿದ್ದಿದೆ. ಅದನ್ನು ಬಳಸುವ ಬಗೆಯನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಗುರಿ ಎಂದರೆ ಕಣ್ಣಿಗೆ ಕಾಣುವ ಕಪ್ಪು ಚುಕ್ಕೆ ಮಾತ್ರವಲ್ಲ. ಚುಕ್ಕೆ, ಚುಕ್ಕೆಯನ್ನು ಹಿಡಿದಿರುವ ಹಲಗೆ, ಹಲಗೆಯ ಬೆನ್ನಿಗೆ ಗುಂಡನ್ನು ನುಂಗುವ ಮಣ್ಣಿನ ದಿಬ್ಬ, ಈ ಮೂರೂ ಸೇರಿ ಗುರಿ. ಬಾಳಿಕೆ ಬರುವ ಗುರಿ ಬೇಕೆಂದು ಹೊರಟವರು ಹಲವರು ಮೊದಲೆರಡನ್ನೇ ಗಟ್ಟಿ ಮಾಡುತ್ತಾರೆ. ಕಬ್ಬಿಣದ ತಗಡು ತರುತ್ತಾರೆ, ದಪ್ಪ ಮರದ ಹಲಗೆ ಹೊಡೆಸುತ್ತಾರೆ. ಮಾಡಬೇಕಾದದ್ದು ಇದಕ್ಕೆ ತಿರುವುಮುರುವು. ಚುಕ್ಕೆಯೂ ಹಲಗೆಯೂ ಗುಂಡನ್ನು ತಡೆಯದೆ ಸಲೀಸಾಗಿ ದಾಟಗೊಡಬೇಕು. ತಡೆಯುವ ಕೆಲಸ ದಿಬ್ಬದ್ದು, ಅದೊಂದರದ್ದೇ.

ಹಲಗೆಗೆ ಅಡಿಕೆ ಹಾಳೆಗಿಂತ ಒಳ್ಳೆಯ ವಸ್ತು ಇಲ್ಲ. ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆಯನ್ನಾದರೂ ಉದುರಿಸುತ್ತದೆ. ಬಿರುಕಿಲ್ಲದ ಅಗಲವಾದ ಹಾಳೆಗಳನ್ನು ಆರಿಸಿ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಮರುದಿನ ಚಪ್ಪಟೆಯಾಗಿ ಹರಡಿ ಮೇಲೆ ಕಲ್ಲು ಹೇರಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಒಂದಡಿ ಚೌಕಕ್ಕೆ ಕತ್ತರಿಸಿಕೊಳ್ಳಿ. ಹಾಳೆಗೊಂದು ದೋಷವುಂಟು: ನಾರಿನ ಉದ್ದಕ್ಕೆ ಸೀಳುತ್ತದೆ. ಒಂದೇ ಹಾಳೆಗೆ ಏಳೆಂಟು ಗುಂಡು ಒತ್ತಾಗಿ ಬಿದ್ದರೆ ಮೇಲಿಂದ ಕೆಳಕ್ಕೆ ಬಿರಿಯುತ್ತದೆ. ಆದುದರಿಂದ ಎರಡು ಹಾಳೆಗಳನ್ನು, ಒಂದರ ನಾರು ಉದ್ದಕ್ಕೆ ಇನ್ನೊಂದರದ್ದು ಅಡ್ಡಕ್ಕೆ ಬರುವಂತೆ, ಬೆನ್ನಿಗೆ ಬೆನ್ನು ಅಂಟಿಸಬೇಕು. ಪ್ಲೈವುಡ್ ಮಾಡುವವರ ಉಪಾಯವೂ ಇದೇ.

ಅಂಟಿಗೆ ಮೈದಾ ಸಾಕು. ಒಂದು ಲೋಟ ಮೈದಾವನ್ನು ನಾಲ್ಕೈದು ಲೋಟ ನೀರಿನಲ್ಲಿ ಗಂಟಾಗದಂತೆ ಕದಡಿ ಗಂಜಿಯ ಹದಕ್ಕೆ ಬೇಯಿಸಿ. ಬರೀ ಮೈದಾ ಅಂಟಾದರೆ ನಮ್ಮ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಜಿರಲೆ ಬರುತ್ತದೆ. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಮನೆಯಲ್ಲಿದ್ದೇ ಇರುತ್ತದೆ. ಅಂಟು ತಣಿದ ಮೇಲೆ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಗೆ ಸುರಿದು, ಒಂದು ಚಿಟಿಕೆ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ ಬೆರೆಸಬೇಕು. ಕಬ್ಬಿಣದ ಪಾತ್ರೆ ಕೂಡದೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಸೇರಿಸಬೇಡಿ, ಅದು ವಿಷ.

ಚೌಕಟ್ಟಿಗೆ ಅಡಿಕೆ ದಬ್ಬೆ, ಇಲ್ಲವೇ ಬಿದಿರು. ಎರಡು ಕಾಲು, ಮೇಲೆ ಕೆಳಗೆ ಒಂದೊಂದು ಅಡ್ಡಪಟ್ಟಿ, ನಡುವೆ ಹಾಳೆ. ಕಬ್ಬಿಣದ ಮೊಳೆಯ ಬದಲು ತೆಂಗಿನ ನಾರಿನ ಹುರಿಯಿಂದ ಬಿಗಿಯುವುದು ಮೇಲು. ತಪ್ಪಿದ ಗುಂಡು ದಬ್ಬೆಗೆ ಬಿದ್ದರೂ ಸೀಳಿಕೊಂಡು ಮುಂದೆ ಹೋಗುತ್ತದೆ, ಅಡ್ಡಾದಿಡ್ಡಿ ಚಿಮ್ಮುವುದಿಲ್ಲ. ಮುರಿದ ಕಾಲನ್ನು ಬದಲಿಸಲು ಐದು ನಿಮಿಷ ಸಾಕು.

ಇನ್ನು ಚುಕ್ಕೆಯ ಕಾಗದ. ಪ್ರತಿ ಬೇಸಗೆಯಲ್ಲೂ ಮನೆಗೆ ಬಂದು ಬೀಳುವ ಮದುವೆಯ ಕರೆಯೋಲೆಗಳನ್ನು ಎಸೆಯಬೇಡಿ. ಅವುಗಳ ದಪ್ಪ ರಟ್ಟಿನ ಖಾಲಿ ಮೈ ಏರ್‌ಗನ್ ಗುರಿಗೆ ಹೇಳಿ ಮಾಡಿಸಿದಂತಿದೆ. ದೊಡ್ಡ ಗುರಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿ ಆದೀತು. ಕೈವಾರ ಇಲ್ಲದವರು ಹಾಳೆಯ ಒಂದು ಪಟ್ಟಿಗೆ ತುದಿಯಲ್ಲಿ ಗುಂಡುಸೂಜಿ ಚುಚ್ಚಿ, ಬೇಕಾದ ಅಳತೆಗಳಿಗೆ ತೂತು ಮಾಡಿ, ಅದರಲ್ಲಿ ಪೆನ್ಸಿಲ್ ಊರಿ ತಿರುಗಿಸಿದರೆ ಉಂಗುರಗಳು ಮೂಡುತ್ತವೆ. ಅಳತೆಯನ್ನು ಮನಬಂದಂತೆ ಇಟ್ಟುಕೊಳ್ಳುವ ಬದಲು ಅಂತರರಾಷ್ಟ್ರೀಯ ಅಳತೆಯನ್ನೇ ಅನುಸರಿಸುವುದು ಒಳ್ಳೆಯದು. ನಾಳೆ ನಮ್ಮ ಹುಡುಗನೋ ಹುಡುಗಿಯೋ ಹೊರಗಿನ ಸ್ಪರ್ಧೆಗೆ ಹೋದಾಗ ಕಣ್ಣಿಗೆ ಹೊಸದೆನಿಸದು. 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್. ಆಮೇಲಿನ ಪ್ರತಿಯೊಂದು ಉಂಗುರಕ್ಕೂ 16 ಮಿಲಿಮೀಟರ್ ಕೂಡುತ್ತಾ ಹೋದರೆ ಒಂದು ಅಂಕದ ಹೊರ ಉಂಗುರ 154.4 ಆಗುತ್ತದೆ. ನಡುವಿನ 112.4 ಮಿಲಿಮೀಟರ್ ಭಾಗ ಕಪ್ಪು. 25 ಮೀಟರ್ ಜಾಗ ಮಾತ್ರ ಇದ್ದರೆ ಎಲ್ಲ ಅಳತೆಯನ್ನೂ ಅರ್ಧಕ್ಕಿಳಿಸಿ.

10 ಮೀಟರ್ ಏರ್ ರೈಫಲ್ ಗುರಿಯ ಮಾತು ಬೇರೆ. ಅದರಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ, ಇಡೀ ಗುರಿ 45.5 ಮಿಲಿಮೀಟರ್. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಅಳತೆಯ ಗುರಿಯಲ್ಲೇ. ಊರಿನ ಸಾಧಾರಣ ಏರ್‌ಗನ್ನಿಗೆ ಇದನ್ನಿಟ್ಟರೆ ಹೊಸಬರು ಎರಡನೆಯ ದಿನ ಬರುವುದಿಲ್ಲ. ಅದೇ ದೂರದ ಏರ್ ಪಿಸ್ತೂಲಿನ ಗುರಿಯನ್ನು ಬಳಸಿ: ಹತ್ತರ ವೃತ್ತ 11.5, ಪ್ರತಿ ಉಂಗುರಕ್ಕೆ 16 ಹೆಚ್ಚು, ಕಪ್ಪು ಭಾಗ 59.5 ಮಿಲಿಮೀಟರ್. ಕಪ್ಪಿಗೆ ಸೀಮೆಎಣ್ಣೆ ಬುಡ್ಡಿಯ ಮಸಿಯನ್ನು ಇದೇ ಮೈದಾ ಅಂಟಿನಲ್ಲಿ ಕಲಸಿ ಬಳಿದರೆ ಸಾಕು, ಹೊಳಪಿಲ್ಲದ ಒಳ್ಳೆಯ ಕಪ್ಪು ಬರುತ್ತದೆ. ಹೊಳೆಯುವ ಬಣ್ಣ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ.

ಕಾಗದವನ್ನು ಹಾಳೆಗೆ ಅಂಟಿಸಿದರೆ ತೂತು ಚೊಕ್ಕವಾಗಿ ಬೀಳುತ್ತದೆ. ಸುಮ್ಮನೆ ತೂಗುಹಾಕಿದ ಕಾಗದ ಹರಿಯುತ್ತದೆ. ಪ್ರತಿ ಸರದಿ ಮುಗಿದ ಮೇಲೆ ಹೊಸ ಕಾಗದ ಹಾಕುವ ಅಗತ್ಯವಿಲ್ಲ; ಕಪ್ಪಿನ ಮೇಲೆ ಕಪ್ಪು, ಬಿಳಿಯ ಮೇಲೆ ಬಿಳಿ ಕಾಗದದ ಚೂರನ್ನು ಅಂಟಿಸಿ ತೂತು ಮುಚ್ಚಿದರಾಯಿತು. ಸೈನ್ಯದ ಮೈದಾನಗಳಲ್ಲೂ ಹೀಗೆ ತೇಪೆ ಹಾಕುವ ರೂಢಿಯಿದೆ. ಸ್ಪರ್ಧೆಯಲ್ಲಿ ಜಗಳ ಹುಟ್ಟುವುದು ಗೆರೆಯ ಮೇಲೆ ಬಿದ್ದ ಗುಂಡಿನಿಂದ. ತೂತಿನ ಅಂಚು ಮೇಲಿನ ಅಂಕದ ಗೆರೆಯನ್ನು ಮುಟ್ಟಿದರೆ ಮೇಲಿನ ಅಂಕವನ್ನೇ ಕೊಡಬೇಕೆಂಬುದು ನಿಯಮ. ಕಣ್ಣಳತೆಗೆ ಬಿಡದೆ, ಏರ್‌ಗನ್ ಆದರೆ 4.5 ಮಿಲಿಮೀಟರ್, ಪಾಯಿಂಟ್ 22 ಆದರೆ 5.6 ಮಿಲಿಮೀಟರ್ ದಪ್ಪದ ನುಣುಪಾದ ಕಡ್ಡಿಯನ್ನು ತೂತಿಗೆ ಮೆಲ್ಲನೆ ತೂರಿಸಿ ನೋಡಿ. ಡ್ರಿಲ್ ಬಿಟ್ಟಿನ ಹಿಡಿಯ ಭಾಗ ಇದಕ್ಕೆ ಅನುಕೂಲ. ಕಡ್ಡಿ ಗೆರೆ ಮುಟ್ಟಿತೋ ಇಲ್ಲವೋ ಎಂಬುದನ್ನು ನೆಂಟರೂ ಎದುರಾಳಿಗಳೂ ಒಟ್ಟಿಗೇ ನೋಡಬಹುದು.

ಒಡೆಯುವ ಗುರಿ ಬೇಕೆನ್ನುವವರಿಗೆ, ಅಂದರೆ ನಮ್ಮಲ್ಲಿ ಬಹುಪಾಲು ಜನರಿಗೆ, ಎರಡು ಸಲಹೆ. ಜೇಡಿಮಣ್ಣಿಗೆ ಮೂರನೆಯ ಒಂದು ಪಾಲು ಒಲೆಯ ಬೂದಿ ಬೆರೆಸಿ ಉಂಡೆ ಕಟ್ಟಿ, ಸುಡದೆ ಒಣಗಿಸಿದರೆ ಗುಂಡು ತಗಲಿದ ಕೂಡಲೇ ಪುಡಿಯಾಗಿ ದೂಳೇಳುತ್ತದೆ. ಹರಳು ಕಲ್ಲು ಇರದಂತೆ ಮಣ್ಣನ್ನು ಜರಡಿ ಹಿಡಿದಿರಬೇಕು. ಮಳೆ ಬಂದರೆ ಚೂರು ಕರಗಿ ಮಣ್ಣು ಸೇರುತ್ತದೆ. ಏರ್‌ಗನ್ನಿಗಾದರೆ ಕೊಳೆರೋಗಕ್ಕೆ ಉದುರಿದ ಹಸಿ ಅಡಿಕೆಕಾಯಿ. ಕೈಲ್ ಪೊಳ್ದ್ ಹೊತ್ತಿಗೆ ಅದಕ್ಕೇನೂ ಬರಗಾಲವಿಲ್ಲವಲ್ಲ! ದಾರದಲ್ಲಿ ಸಾಲಾಗಿ ತೂಗುಹಾಕಿ ಹೊಡೆಯಿರಿ. ರೋಗದ ಕಾಯಿಯನ್ನು ಆರಿಸಿ ನಾಶಮಾಡುವುದು ಹೇಗೂ ಆಗಬೇಕಾದ ಕೆಲಸ. ಆಟ ಮುಗಿದ ಮೇಲೆ ತಪ್ಪದೆ ಎಲ್ಲವನ್ನೂ ಒಟ್ಟುಮಾಡಿ ಸುಟ್ಟುಬಿಡಿ.

ಖಾಲಿ ಬಾಟಲಿಗೆ ಮಾತ್ರ ಹೊಡೆಯಬೇಡಿ. ಒಡೆದ ಗಾಜು ತರಗೆಲೆಯಡಿ ವರ್ಷಗಟ್ಟಲೆ ಕುಳಿತಿದ್ದು ಕಾಫಿ ಕುಯ್ಯುವವರ ಪಾದಕ್ಕೆ ನಾಟುತ್ತದೆ. ಕಬ್ಬಿಣದ ತಗಡೂ ಬೇಡ. ಪೇಟೆಯಲ್ಲಿ ಸಿಗುವ ಸಾದಾ ಉಕ್ಕು ಗುಂಡಿಗೆ ಕುಳಿ ಬೀಳುತ್ತದೆ, ಆ ಕುಳಿಗೆ ಬಿದ್ದ ಮುಂದಿನ ಗುಂಡಿನ ಸೀಸ ಯಾವ ಕಡೆಗೆ ಸಿಡಿಯುವುದೆಂದು ಹೇಳಲಾಗದು; ಹೊಡೆದವನ ಕಣ್ಣಿಗೇ ಬರಬಹುದು. ಹಳೆಯ ಟೈರಿಗೆ ಹೊಡೆದರೆ ಸಣ್ಣ ಗುಂಡು ರಬ್ಬರಿಗೆ ಪುಟಿದು ಹಿಂದಿರುಗುವುದುಂಟು. ಅಲ್ಲದೆ ಟೈರಿನಲ್ಲಿ ಮಳೆನೀರು ನಿಂತು ಡೆಂಗಿಯ ಸೊಳ್ಳೆ ಸಾಕಿದಂತಾಗುತ್ತದೆ. ಬಂಡೆಯ ಮುಂದೆಯೂ ಕೆರೆಯ ನೀರಿನ ಕಡೆಗೂ ಗುರಿ ಇಡಲೇಕೂಡದು. ನೀರಿಗೆ ಓರೆಯಾಗಿ ತಗಲಿದ ಗುಂಡು ಕಲ್ಲಿಗೆ ತಗಲಿದಂತೆಯೇ ಚಿಮ್ಮುತ್ತದೆ.

ಈಗ ದಿಬ್ಬಕ್ಕೆ ಬರೋಣ. ಇದರಲ್ಲಿ ಉಳಿತಾಯ ಸಲ್ಲದು. ಗುರಿಯ ಹಿಂದೆ ಹಳೆಯ, ನೆಲೆನಿಂತ ಮಣ್ಣಿನ ಬರೆ ಇದ್ದರೆ ಅದೇ ಸರಿ. ಗುರಿಗಾಗಿ ಹೊಸದಾಗಿ ಬರೆ ಕಡಿಯಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬರೆ ಇಲ್ಲದಿದ್ದರೆ ಮಣ್ಣು ತುಂಬಿದ ಗೋಣಿಚೀಲಗಳನ್ನು ಇಟ್ಟಿಗೆಯಂತೆ ಹೊಂದಿಸಿ ಆಳೆತ್ತರಕ್ಕೂ ಮಿಗಿಲಾಗಿ, ಎರಡು ಚೀಲ ದಪ್ಪಕ್ಕೆ ಕಟ್ಟಿ, ಹಿಂದೆ ಮಣ್ಣು ಏರಿಸಿ. ಗುಂಡು ಬೀಳುವ ಮುಂಭಾಗದ ಎರಡಡಿ ಮಣ್ಣು ಜರಡಿ ಹಿಡಿದದ್ದಾಗಿರಬೇಕು, ಅದರಲ್ಲಿ ಒಂದು ಹಿಡಿಗಲ್ಲೂ ಇರಬಾರದು. ಅಗಲವನ್ನು ಅತ್ಯಂತ ಕೆಟ್ಟ ಗುರಿಕಾರನಿಗೆ ತಕ್ಕಂತೆ ನಿಶ್ಚಯಿಸಿ. ಏರ್‌ಗನ್ನಿಗೆ ಇಷ್ಟೆಲ್ಲ ಬೇಡ. ಒಂದಡಿ ಚೌಕ, ಮುಕ್ಕಾಲಡಿ ಆಳದ ಸಿಲ್ವರ್ ಓಕ್ ಪೆಟ್ಟಿಗೆಯ ಹಿಂಗೋಡೆಗೆ ತಗಡು ಹೊಡೆದು, ಒಳಗೆ ಹಳೆಯ ಬಟ್ಟೆಯನ್ನು ಗಿಡಿದು ತುಂಬಿ, ಮುಂದೆ ಹಾಳೆ ಮುಚ್ಚಿದರೆ ಸಾಕು.

ಇಲ್ಲಿ ಹಿರಿಯರಿಗೆ ಹಿಡಿಸದ ಒಂದು ಮಾತನ್ನು ಹೇಳಲೇಬೇಕಾಗಿದೆ. ಎತ್ತರದ ಮರದ ತುದಿಗೆ ಕಾಯಿ ಕಟ್ಟಿ ಹೊಡೆಯುವುದು ನಮ್ಮ ಹಳೆಯ ಸಂಪ್ರದಾಯ. ಆದರೆ ಮರದ ತುದಿಯ ಹಿಂದೆ ಇರುವುದು ಆಕಾಶ ಮಾತ್ರ. 12 ಬೋರಿನ ತೋಟೆಯಲ್ಲಿ 6ನೇ ನಂಬರಿನ ಸಣ್ಣ ಗುಂಡುಗಳಿದ್ದರೆ ಅವು ಹೆಚ್ಚೆಂದರೆ 250 ಗಜದಾಚೆ ಬಿದ್ದುಹೋಗುತ್ತವೆ. ಎಲ್‌ಜಿ ಗುಂಡು 600 ಗಜವನ್ನೂ ಮೀರಿ ಹೋಗಬಲ್ಲದು. ಪಾಯಿಂಟ್ 22ರ ಒಂದು ಪುಟ್ಟ ಗುಂಡು ಒಂದು ಮೈಲಿಗೂ ಹೆಚ್ಚು ದೂರ ಹೋಗಬಲ್ಲದು. ಒಂದು ಮೈಲಿಯೊಳಗೆ ಪಕ್ಕದವರ ತೋಟ, ಲೈನ್ ಮನೆಗಳು, ಶಾಲೆ, ಬಸ್ಸಿನ ರಸ್ತೆ ಇಲ್ಲದ ಊರು ನಮ್ಮಲ್ಲಿ ಯಾವುದಿದೆ? ಹಿಂದೆ ಇಷ್ಟು ಮನೆಗಳಿರಲಿಲ್ಲ, ಇಷ್ಟು ರೈಫಲುಗಳೂ ಇರಲಿಲ್ಲ. ಕಾಯಿಯನ್ನು ಕೆಳಗಿಳಿಸಿ ದಿಬ್ಬದ ಮುಂದೆ ಗೂಟಕ್ಕೆ ಸಿಕ್ಕಿಸಿದರೆ ಸಂಪ್ರದಾಯಕ್ಕೆ ಕುಂದಿಲ್ಲ. ಹಾಗೆ ನಡೆಸುವ ಸ್ಪರ್ಧೆಗಳಲ್ಲೂ ಗೆದ್ದವರಿಗೆ ಚಪ್ಪಾಳೆ ಅಷ್ಟೇ ಜೋರಾಗಿ ಬೀಳುತ್ತದೆ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ, ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ರಾಜ್ಯದ ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು. 2029ರಲ್ಲಿ ಈ ಪ್ರಶ್ನೆ ಮತ್ತೆ ಏಳುವುದು ಖಂಡಿತ. ಅಷ್ಟರೊಳಗೆ ಒಂದು ಊರಿನ ಹಬ್ಬದಲ್ಲಿ ದಾರಿ ತಪ್ಪಿದ ಒಂದು ಗುಂಡು ಎಲ್ಲರ ವಾದವನ್ನೂ ಕೆಡಿಸಬಲ್ಲದು. ಸ್ಪರ್ಧೆ ಏರ್ಪಡಿಸುವವರು ಪೊಲೀಸ್ ಠಾಣೆಗೆ ಮೊದಲೇ ತಿಳಿಸಿ ಬೇಕಾದ ಅನುಮತಿ ಪಡೆಯಬೇಕು. ಅಕ್ಕಪಕ್ಕದ ತೋಟದವರಿಗೂ ಹಿಂದಿನ ದಿನವೇ ಹೇಳಿಕಳುಹಿಸಬೇಕು.

ಸೀಸದ ವಿಚಾರ ಸ್ವಲ್ಪ. ದಿಬ್ಬವನ್ನು ಬಾವಿಗೋ ತೋಡಿಗೋ ಮೇಲ್ಗಡೆ ಕಟ್ಟಬಾರದು. ನಮ್ಮ ಕಾಫಿ ಮಣ್ಣು ಹುಳಿ ಮಣ್ಣು. ಹುಳಿಗೆ ಸೀಸ ಬೇಗ ಕರಗಿ ನೀರಿಗಿಳಿಯುತ್ತದೆ. ತೋಟಕ್ಕೆ ಸುಣ್ಣ ಹಾಕುವಾಗ ದಿಬ್ಬದ ಮೇಲೂ ಎರಡು ಬೊಗಸೆ ಎರಚಿ. ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಮುಂಭಾಗದ ಮಣ್ಣನ್ನು ಜರಡಿ ಹಿಡಿದು ಸೀಸವನ್ನು ತೆಗೆಯಬೇಕು. ಆ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬೇಡಿ, ಮುಗಿದ ಮೇಲೆ ಸೋಪು ಹಾಕಿ ಕೈತೊಳೆಯದೆ ಎಲೆಅಡಿಕೆ ಹಾಕಬೇಡಿ.

ಹಬ್ಬ ಮುಗಿದ ಮೇಲೆ ಚೌಕಟ್ಟುಗಳನ್ನು ಬಿಚ್ಚಿ, ಉಳಿದ ಹಾಳೆಯ ಹಲಗೆಗಳನ್ನು ಹುರಿಯಲ್ಲಿ ಕಟ್ಟಿ, ಒಲೆಯ ಮೇಲಿನ ಹೊಗೆ ಅಟ್ಟದಲ್ಲಿ ಇಡಿ. ಅಟ್ಟ ಇಲ್ಲದ ಹೊಸ ಮನೆಯವರು ಗೋಡೆಗೆ ತಾಗದಂತೆ ತೂಗುಹಾಕಿದರೆ ಗೆದ್ದಲು ಹತ್ತದು. ಹಾಗಿಟ್ಟವು ಮುಂದಿನ ವರ್ಷ ತೇಪೆ ಹಾಕಿಸಿಕೊಂಡು ಮತ್ತೆ ಬಳಕೆಗೆ ಬರುತ್ತವೆ.